ಎದುರು ಮನೆಯ ನಾತ

ಮುಂಬೈ ಬಳಿಯ ಡೊಂಬಿವಲಿಯ ಆ ಕಟ್ಟಡದಲ್ಲಿ ಕನ್ನಡದ ಮನೆಗಳು ಎರಡೇ. ಒಂದು ಮೈಸೂರಿನ ಹೃಷಿಕೇಶನದು. ಠಾಣೆಯಲ್ಲಿ ಬ್ಯಾಂಕ್ ಪರೀಕ್ಷೆಯ ಹುಡುಗರಿಗೆ ತರ್ಕ ಕಲಿಸುವವನು. ಎದುರಿನ ಬಾಡಿಗೆ ಮನೆಯಲ್ಲಿ ಉಡುಪಿ ಕಡೆಯ ದಮಯಂತಿ, ಅವಳ ಗಂಡ ಚೆನ್ನಯ.

ಶ್ರಾವಣದಲ್ಲಿ ಮೆಟ್ಟಿಲ ಮೇಲೆಲ್ಲ ಕೆಟ್ಟ ನಾತ ಹಬ್ಬಿತು. ಕಟ್ಟಡದವರ ಸೊಸೈಟಿ ಮೀಟಿಂಗಿನಲ್ಲಿ ಆ ಮಾತು ಬಂದಾಗ ಹೃಷಿಕೇಶನ ನಾಲಗೆ ಸುಮ್ಮನಿರಲಿಲ್ಲ.

"ಒಣಮೀನು ಸುಟ್ರೆ ಹೀಗೇ ನಾರೋದು. ಎದುರು ಮನೆಯವರದ್ದೇ. ನಮ್ಮ ಕಡೆಯವರು, ನನಗೆ ಗೊತ್ತಿಲ್ವಾ?"

ಕನ್ನಡದವನೇ ಹೇಳಿದ ಮೇಲೆ ಇನ್ನು ಸಾಕ್ಷಿ ಯಾರಿಗೆ ಬೇಕು! ಬಾಡಿಗೆಯವರನ್ನು ಖಾಲಿ ಮಾಡಿಸಿ ಎಂದು ಆ ಮನೆಯ ಮಾಲೀಕನಿಗೆ ಫೋನ್ ಹೋಯಿತು.

ಆ ವಾರವೇ ಅವನು ಕ್ಲಾಸಿನಲ್ಲಿ ಪಾಠ ಮಾಡಿದ. ಲೋಕಲ್ ರೈಲು ತಡವಾದರೆ ಪ್ಲಾಟ್‌ಫಾರ್ಮ್ ತುಂಬುತ್ತದೆ. ಪ್ಲಾಟ್‌ಫಾರ್ಮ್ ತುಂಬಿದೆ. ಹಾಗಾದರೆ ಲೋಕಲ್ ತಡವಾಗಿದೆಯೇ?

"ಹೌದು ಅಂದವರು ಎದ್ದು ನಿಲ್ಲಿ! ದಿವಾ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮ್ ಖಾಲಿ ಇರೋದು ಯಾವಾಗ್ರೋ?" ಎಂದು ಗದರಿದ. ಎಲ್ಲರೂ ನಕ್ಕರು. ಅವನೂ ನಕ್ಕ. ಹಲಗೆಯ ಮೇಲೆ ಬರೆದದ್ದು ತನಗೇ ಅನ್ವಯಿಸುತ್ತದೆಂದು ಆ ಬುದ್ಧಿವಂತನಿಗೆ ಹೊಳೆಯಲಿಲ್ಲ.

ಶನಿವಾರ ಪ್ಲಂಬರ್ ಬಂದು ಪೈಪುಗಳು ಇಳಿಯುವ ಡಕ್ಟಿನ ಬಾಗಿಲು ತೆಗೆದ. ಹೃಷಿಕೇಶನದೇ ಬಚ್ಚಲ ಪೈಪಿನ ಹಿಂದೆ ಹೆಗ್ಗಣ ಸತ್ತು ಕೊಳೆತಿತ್ತು.

ಹಲಗೆಯ ಮೇಲೆ ಬರೆದದ್ದು ಅವನಿಗೆ ಆಗ ನೆನಪಾಯಿತು. ಮೀನು ಸುಟ್ಟರೆ ನಾತ, ನಾತವಿದೆ, ಹಾಗಾದರೆ ಮೀನು. ಹುಡುಗರು ಹೀಗೆ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದ. ಎದುರು ಮನೆಯ ಬೆಲ್ ಒತ್ತುವ ಮೊದಲು ಎರಡು ಸಲ ಹಿಂದಕ್ಕೆ ಬಂದ.

"ತಪ್ಪಾಯ್ತು ಅಕ್ಕ" ಎಂದ ತಗ್ಗಿದ ದನಿಯಲ್ಲಿ.

ದಮಯಂತಿ ಒಳಗೆ ಕರೆಯಲಿಲ್ಲ. "ಶ್ರಾವಣದಲ್ಲಿ ನಮ್ಮ ಮನೆಗೆ ಮೀನು ಬರುದೇ ಇಲ್ಲ. ಒಂದು ಮಾತು ಕೇಳ್ಬಹುದಿತ್ತಲ್ಲ ಮಾರಾಯ್ರೆ? ಬೈದದ್ದು ಊರೆದುರು, ತಪ್ಪಾಯ್ತು ಅನ್ನುದು ಬಾಗಿಲ ಸಂದಿಯಲ್ಲಾ? ಅಲ್ಲಿಯೇ ಹೋಗಿ ಹೇಳಿ."

ಭಾನುವಾರ ಮತ್ತೆ ಜನ ಸೇರಿದಾಗ ಅವನು ಎದ್ದುನಿಂತು ಹೇಳಿದ. ಕ್ಲಾಸಿನಲ್ಲಿ ಸಲೀಸಾಗಿ ಬರುವ ಹಿಂದಿ ಇಲ್ಲಿ ತಡವರಿಸಿತು. ಕೊನೆಯ ಸಾಲಿನಿಂದ ಒಬ್ಬ ಕಿಸಕ್ಕೆಂದ: "ಲಾಜಿಕ್‌ವಾಲೇ ಸರ್!"

ಸೊಸೈಟಿಯ ಸೆಕ್ರೆಟರಿ ಬಿಡಲಿಲ್ಲ. "ಪರ್ ಮಛಲೀ ಖಾತೇ ತೋ ಹೈಂ ನಾ?" ಮೀನು ತಿನ್ನುವುದಂತೂ ನಿಜ ತಾನೇ ಎಂದು ಕೆಣಕಿದ.

"ತಿಂತಾರೆ. ಅದರಿಂದ ಏನೂ ಸಾಬೀತಾಗಲ್ಲ. ನಾನು ನೋಡದೆ ಹೇಳಿದ್ದೆ" ಎಂದ ಹೃಷಿಕೇಶ.

ಹಾಗಾದರೆ ಖಾಲಿ ಮಾಡಿಸುವುದು ಬೇಡವೆಂದು ನೀವೇ ಹೇಳಿ ಎಂದು ಸೆಕ್ರೆಟರಿ ಆ ಮನೆಯ ಮಾಲೀಕನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಅವನ ಮುಂದೆ ಹಿಡಿದ. ಹೃಷಿಕೇಶ ಅಷ್ಟನ್ನೂ ಮೊದಲಿನಿಂದ ಮತ್ತೆ ಹೇಳಬೇಕಾಯಿತು. ಗೋಡೆಯ ಬದಿಯಲ್ಲಿ ದಮಯಂತಿ ಕೈಕಟ್ಟಿ ನಿಂತಿದ್ದಳು. ಮುಗಿಯುವವರೆಗೂ ಅವನು ತಲೆ ಎತ್ತಲಿಲ್ಲ.