ಮುರಿದು ಬಂದ ಕುರ್ಚಿ

ಪ್ರಾರ್ಥನಾ ಮಂದಿರದ ನೆಲಮಾಳಿಗೆಯಲ್ಲಿ ಕುಡಿತ ಬಿಟ್ಟ ಐವರು ಮುರಿದ ಕುರ್ಚಿಗಳನ್ನು ರಿಪೇರಿ ಮಾಡುತ್ತಿದ್ದರು. ‘ದಾನವಲ್ಲ, ದುಡಿಮೆ’ ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದವರು ಮಂದಿರದ ಹಿರಿಯರು. ವ್ಯಾಪಾರದಲ್ಲೇ ತಲೆ ನೆರೆದಿದ್ದ ಅವರು, ಭಕ್ತಿ ಇದ್ದ ಕಡೆ ನಾಲ್ಕು ಜನಕ್ಕೆ ಉದ್ಯೋಗವೂ ಹುಟ್ಟಬೇಕೆಂದು ಹಟ ಹಿಡಿದು ಇದನ್ನು ತೆರೆದಿದ್ದರು. ಹಟವೇನೋ ಒಳ್ಳೆಯದೇ. ಆದರೆ ಮುರಿಯಲು ಮರದ ಕುರ್ಚಿಗಳಾದರೂ ಬೇಕಲ್ಲ! ಊರಿಗೆ ಊರೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿತ್ತು.

ಆದರೂ ಕೆಲಸ ಬರುತ್ತಲೇ ಇತ್ತು. ಐವರಲ್ಲಿ ಹಿರಿಯನಾದ ಬಡಗಿ ಅದು ತನ್ನ ಕೈಗುಣವೆಂದು ಒಳಗೊಳಗೇ ಬೀಗುತ್ತಿದ್ದ. ಅವನ ಕುಡಿತಕ್ಕೆ ರೋಸಿ ದೂರವಾಗಿದ್ದ ಮಗಳು ಕೊನೆಗೂ ಕರಗಿ ಫೋನ್ ಮಾಡಿದ್ದಳು. “ಬಂದು ನಿನ್ನ ಕೆಲಸ ನೋಡ್ತೀನಪ್ಪ. ಸರಿ ಅನ್ನಿಸಿದ್ರೆ ನಮ್ಮನೇಲೇ ಇದ್ದುಬಿಡು, ಮೊಮ್ಮಗಳ ಜೊತೆ.”

ಅವಳು ಬರುವ ದಿನ ಅವನು ಎಲ್ಲರಿಗಿಂತ ಮೊದಲೇ ಬಂದು, ಹೊಸದಾಗಿ ಬಂದಿದ್ದ ಕುರ್ಚಿಯೊಂದನ್ನು ತಲೆಕೆಳಗು ಮಾಡಿದ. ಹಲಗೆಯ ಅಡಿಯಲ್ಲಿ ಪೆನ್ಸಿಲ್ ನಕ್ಷತ್ರವಿತ್ತು. ಅದು ಅವನದೇ ಗುರುತು. ಅವನು ಕೂಡಿಸಿದ್ದ ಕಾಲನ್ನು ಯಾರೋ ಅರ್ಧದವರೆಗೆ ಗರಗಸದಲ್ಲಿ ಕೊಯ್ದು, ಉಳಿದರ್ಧವನ್ನು ಒದ್ದು ಮುರಿದಿದ್ದರು.

“ಯಾರು ಮಾಡಿದ್ದು ಇದನ್ನ?” ಎಂದು ಆಗಷ್ಟೇ ಕೆಳಗಿಳಿದು ಬಂದ ಹಿರಿಯರ ಮುಂದೆ ಅದನ್ನು ಹಿಡಿದ.

ಹಿರಿಯರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ನಾನೇ. ಹೊರಗಿನ ಆರ್ಡರ್ ನಿಂತು ಎಷ್ಟೋ ಕಾಲ ಆಯ್ತು. ಮಂದಿರದ ಕುರ್ಚಿಗಳನ್ನೇ ಮುರಿದು ಮುರಿದು ಕೆಳಗೆ ಕಳಿಸ್ತಾ ಇದೀನಿ.”

“ಮತ್ತೆ ನಮ್ಮ ಸಂಬಳ?”

“ಕಾಣಿಕೆ ಡಬ್ಬೀದು. ಉಳಿದವರಿಗೆ ಹೇಳ್ಬೇಡ ಕಣಪ್ಪ. ಗೊತ್ತಾದ್ರೆ ನಾಳೆಯಿಂದ ಬರಲ್ಲ. ಎಲ್ಲಿಗೆ ಹೋಗ್ತಾರೆ ಅಂತ ನಿಂಗೆ ನಾನು ಹೇಳ್ಬೇಕಾ?”

ಹೇಳಬೇಕಿರಲಿಲ್ಲ. ಅವನಿಗೆ ಅಳುವಷ್ಟು ಅವಮಾನವಾಗಿತ್ತು. ಆದರೂ ನಾಲ್ವರು ಬರುವ ಮೊದಲೇ ಉಳಿ ತೆಗೆದುಕೊಂಡು ಗರಗಸದ ಗುರುತನ್ನು ತಾನೇ ಕೆತ್ತಿ ಹಾಕಿದ.

ಮಧ್ಯಾಹ್ನ ಮಗಳು ಬಂದಳು. ಕುರ್ಚಿಯ ಅಡಿಯ ನಕ್ಷತ್ರ ಕಂಡು ಮುಖವರಳಿಸಿ ನಕ್ಕಳು. “ಅಯ್ಯೋ, ನನ್ನ ಸ್ಲೇಟಿನ ಹಿಂದೆ ಹಾಕ್ಕೊಡ್ತಿದ್ದ ಗುರುತು!” ಮರುಗಳಿಗೆಯೇ ಮುರಿದ ಕಾಲು ಕಂಡು ಹುಬ್ಬು ಗಂಟಿಕ್ಕಿದಳು. “ಅಲ್ಲಪ್ಪ, ಇದು ನೀನು ರಿಪೇರಿ ಮಾಡಿದ್ದೇ ಅಲ್ವಾ? ಮತ್ತೆ ಯಾಕೆ ಮುರಿದು ಬಂತು?”

ಸುತ್ತಿಗೆಗಳು ನಿಂತವು. ನಾಲ್ವರೂ ಇತ್ತ ತಿರುಗಿದರು. ಮೆಟ್ಟಿಲ ಬಳಿಯಿದ್ದ ಹಿರಿಯರು ತಲೆ ತಗ್ಗಿಸಿದರು. ನಿಜ ಹೇಳಿದರೆ ಮಗಳು ಉಳಿಯುತ್ತಿದ್ದಳು. ಬಡಗಿ ನಾಲ್ವರ ಮುಖ ನೋಡಿದ.

“ಕೈ ನಡುಗಿತಮ್ಮ,” ಎಂದ.

ಅವಳು ಹತ್ತಿರ ಬಂದಳು. ಚಿಕ್ಕವಳಿದ್ದಾಗ ಅಮ್ಮ ಹೇಳಿಕೊಟ್ಟಂತೆ ಬಾಗಿಲಲ್ಲೇ ಅವನ ಬಾಯಿ ಮೂಸುತ್ತಿದ್ದಳು. ಈಗಲೂ ಮೂಸಿದಳು. ಅವನ ಮೈಕೈಗೆಲ್ಲ ಪಾಲಿಷಿನ ಸ್ಪಿರಿಟ್ಟು ಮೆತ್ತಿತ್ತು. ಅದರ ಘಾಟು ಸಾರಾಯಿಯದಕ್ಕಿಂತ ಬೇರೆಯೇನಲ್ಲ.

“ತಾತ ಬರ್ತಾರೆ ಅಂತ ಮಗೂಗೆ ಹೇಳಿಬಿಟ್ಟಿದ್ದೆ,” ಎಂದಳು. ಮೆಟ್ಟಿಲು ಹತ್ತುವಾಗ ತಿರುಗಿ ನೋಡಲಿಲ್ಲ. ಹಿರಿಯರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಪಕ್ಕದವನು ಬಡಗಿಯ ಹೆಗಲ ಮೇಲೆ ಕೈಯಿಟ್ಟ. “ಬಿಡಣ್ಣ, ಯಾರ ಕೈ ನಡುಗಲ್ಲ ಹೇಳು? ನಮ್ಮ ಪುಣ್ಯ, ಕೆಲಸ ಅಂತ ಒಂದಿದೆಯಲ್ಲ.”