ಐಸ್‌ಕ್ರೀಂ ಕೋಣೆಯ ವಾರಪತ್ರಿಕೆಗಳು

ಸೋಮವಾರ ಬೆಳಿಗ್ಗೆ ನೆಲಮಾಳಿಗೆಯ ಬಾಗಿಲು ತೆಗೆದ ಕೂಡಲೇ ಇಂದ್ರಾಣಿಯ ಮೂಗಿಗೆ ಒದ್ದೆ ಕಾಗದದ ವಾಸನೆ ಬಡಿಯಿತು. ದೀಪ ಹಾಕಿದಳು. ಚಾವಣಿಯ ಪೈಪು ಬಾಯಿಬಿಟ್ಟು ಹಳೆಯ ಕನ್ನಡ ವಾರಪತ್ರಿಕೆಗಳ ಸಾಲಿನುದ್ದಕ್ಕೂ ನೀರು ಸುರಿಸಿತ್ತು. ಭಾನುವಾರ ರಜೆ, ಯಾರೂ ನೋಡಿರಲಿಲ್ಲ.

ಬನಶಂಕರಿಯ ಆ ಕಟ್ಟಡ ರಾಷ್ಟ್ರೀಯ ಪುಸ್ತಕ ಭಂಡಾರದ ದಕ್ಷಿಣ ಶಾಖೆ. ಅಚ್ಚಾದ ಪುಸ್ತಕ, ಪತ್ರಿಕೆಗಳ ಒಂದೊಂದು ಪ್ರತಿ ಅಲ್ಲಿಗೆ ಬಂದು ಸೇರುತ್ತಿತ್ತು. ಬಂದದ್ದನ್ನು ಕೆಡದಂತೆ ಉಳಿಸುವುದು ಸಂರಕ್ಷಣಾ ವಿಭಾಗದ ಮುಖ್ಯಸ್ಥೆ ಇಂದ್ರಾಣಿಯ ಕೆಲಸ. ಕೇಳಿದವರಿಗೆ ಓದಲು ಕೊಡುವುದು ಮೇಲಿನ ಮಹಡಿಯವರ ಕೆಲಸ. ಇವೆರಡೂ ಬೇರೆ ಬೇರೆ ಎಂದು ಅವಳು ಎಂದೂ ಒಪ್ಪಿದವಳಲ್ಲ. ಯಾರೂ ಓದದ ಪುಸ್ತಕವನ್ನು ಉಳಿಸಿ ಏನು ಮಾಡುವುದು? ಉಳಿಯದ ಪುಸ್ತಕವನ್ನು ಓದಲು ಕೊಡುವುದಾದರೂ ಹೇಗೆ?

ನೀರು ಕುಡಿದು ಉಬ್ಬಿದ ಸಂಪುಟಗಳು ಕಪಾಟಿನಲ್ಲಿ ಬಿಗಿದುಕೊಂಡಿದ್ದವು. ಎಳೆದರೆ ರಟ್ಟು ಕೈಗೆ ಬರುತ್ತಿತ್ತು. ಇನ್ನೆರಡು ದಿನ ಹೀಗೇ ಬಿಟ್ಟರೆ ಬೂಷ್ಟು ಹಿಡಿಯುವುದು ಖಂಡಿತ. ಅವಳು ನೇರವಾಗಿ ಉಪನಿರ್ದೇಶಕ ಶಶಿಕಾಂತ್ ಅವರ ಕೋಣೆಗೆ ಹೋದಳು.

"ಫ್ಯಾನ್ ಕೆಳಗೆ ಹರಡಿಸಿ," ಎಂದರು ಅವರು.

"ಅಷ್ಟಕ್ಕೂ ಜಾಗ ಎಲ್ಲಿದೆ ಸಾರ್? ಫ್ಯಾನ್ ಕೆಳಗಿನವು ಒಣಗೋಷ್ಟರಲ್ಲಿ ಮಿಕ್ಕಿದ್ದು ಕೊಳೆತುಹೋಗುತ್ತೆ. ಮೊದಲು ಫ್ರೀಜ್ ಮಾಡಿಬಿಡ್ಬೇಕು. ಹೆಪ್ಪುಗಟ್ಟಿದ ಕಾಗದಕ್ಕೆ ಬೂಷ್ಟು ಬರಲ್ಲ. ಆಮೇಲೆ ಒಂದೊಂದೇ ತೆಗೆದು ನಿಧಾನವಾಗಿ ಒಣಗಿಸ್ಕೋಬಹುದು."

"ಫ್ರೀಜರ್ ಎಲ್ಲಿದೆ ನಮ್ಹತ್ರ?"

"ಹೊರಗಡೆ ಹುಡುಕ್ತೀನಿ."

ಶಶಿಕಾಂತ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟ ಮನುಷ್ಯರಲ್ಲ, ನಿವೃತ್ತಿಗೆ ಹತ್ತಿರವಿದ್ದರು. "ಇಂದ್ರಾಣಿ, ಸಂಗ್ರಹದ ಒಂದು ಹಾಳೆ ಹೊರಗೆ ಹೋಗ್ಬೇಕಂದ್ರೂ ದೆಹಲಿ ಅನುಮತಿ ಬೇಕು. ನಾನು ಇವತ್ತೇ ಬರೀತೀನಿ. ಅಲ್ಲೀತನಕ ಕಾಯಿರಿ."

"ಅನುಮತಿ ಬರುತ್ತೆ ಸಾರ್, ಪತ್ರಿಕೆಗಳು ಇರಲ್ಲ. ನಾನೇ ತಗೊಂಡು ಹೋದೆ ಅಂತ ಬರೆದುಕೊಡ್ತೀನಿ. ಏನೇ ಬಂದರೂ ನನ್ನ ತಲೆ ಮೇಲಿರಲಿ."

ಅವರು ಅವಳನ್ನು ತಡೆಯದೆ, ಕನ್ನಡಕ ಹಾಕಿಕೊಂಡು ದೆಹಲಿಗೆ ಪತ್ರ ಬರೆಯಲು ಕೂತರು. ಅವಳಿಗೆ ಅಷ್ಟು ಸಾಕಾಗಿತ್ತು.

ಮೇಲೆ ವಾಚನಾಲಯದ ಕೌಂಟರಿನಲ್ಲಿ ರೇಣುಕವ್ವ ನಿಂತಿದ್ದರು. ಗದಗದ ಕಡೆಯವರು; ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ ಹಿಡಿದು ರೊಟ್ಟಿ ಊಟದ ಖಾನಾವಳಿ ನಡೆಸುತ್ತಿದ್ದರು. ಸೋಮವಾರ ಖಾನಾವಳಿಗೆ ರಜೆ ಕೊಟ್ಟು ತಪ್ಪದೆ ಇಲ್ಲಿಗೆ ಬರುತ್ತಿದ್ದರು. ಹುಡುಗಿಯಾಗಿದ್ದಾಗ ಓದುತ್ತಿದ್ದ ಒಂದು ಧಾರಾವಾಹಿ ಮದುವೆಯಿಂದಾಗಿ ಅರ್ಧಕ್ಕೇ ನಿಂತಿತ್ತು; ಅತ್ತೆಯ ಮನೆಗೆ ಪತ್ರಿಕೆ ಬರುತ್ತಿರಲಿಲ್ಲ. ಈಗ ಮೊದಲ ಕಂತಿನಿಂದ ಶುರುಮಾಡಿ, ಕೊನೆಯ ಸಂಪುಟದ ಬಾಗಿಲಿಗೆ ಬಂದು ನಿಂತಿದ್ದರು.

"ಇವತ್ತು ಸಿಗಲ್ಲ ಅಮ್ಮ," ಇಂದ್ರಾಣಿ ಹೇಳಿದಳು. "ನೀರು ಬಿದ್ದುಬಿಟ್ಟಿದೆ."

ರೇಣುಕವ್ವನ ಮುಖ ಇಳಿಯಿತು. ಮರುಗಳಿಗೆಯೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. "ಏನ್ ಮಾಡ್ಬೇಕು ಹೇಳ್ರಿ. ಕೈ ಎರಡು ಅದಾವ, ಇಡೀ ದಿನ ಖಾಲಿ ಅದೀನಿ."

ಇಂದ್ರಾಣಿ ಅವರಿಗೂ ಸಿಬ್ಬಂದಿಗೂ ತೋರಿಸಿಕೊಟ್ಟಳು: ಸಂಪುಟವನ್ನು ಬಿಡಿಸಬಾರದು, ಹಿಂಡಬಾರದು; ಕೂಸನ್ನು ಎತ್ತುವಂತೆ ಕೆಳಗೆ ಕೈಕೊಟ್ಟು ಎತ್ತಬೇಕು, ಬಟರ್ ಪೇಪರಿನಲ್ಲಿ ಸುತ್ತಬೇಕು, ತರಕಾರಿ ಕ್ರೇಟಿನಲ್ಲಿ ಹೊಲಿಗೆಯ ಬದಿ ಕೆಳಗಾಗಿ ನಿಲ್ಲಿಸಬೇಕು. ವಾಚನಾಲಯವನ್ನು ಮಾತ್ರ ಮುಚ್ಚಗೊಡಲಿಲ್ಲ. "ಒದ್ದೆಯಾಗದೆ ಇರೋದನ್ನ ಯಾರು ಕೇಳಿದ್ರೂ ಕೊಡಿ," ಎಂದು ಕೌಂಟರಿನವರಿಗೆ ಹೇಳಿ ಹೊರಬಿದ್ದಳು.

ಮೊದಲ ಶೈತ್ಯಾಗಾರದವರು ಪೂರ್ತಿ ಕೇಳದೆಯೇ ಫೋನಿಟ್ಟರು. ಇನ್ನೊಬ್ಬರು ನಕ್ಕರು. ಬಿಳೇಕಹಳ್ಳಿಯಲ್ಲಿ ಐಸ್‌ಕ್ರೀಂ ದಾಸ್ತಾನು ಇಡುವ ಪಿಳ್ಳಣ್ಣನ ಬಳಿಗೆ ಅವಳು ಖುದ್ದಾಗಿ ಹೋದಳು. ಬೇಸಿಗೆ ಮುಗಿದು ಅವನ ಕೋಣೆಯೊಂದು ಖಾಲಿ ಬಿದ್ದಿತ್ತು.

"ಪುಸ್ತಕಾನಾ? ಏನ್ ಮೇಡಂ ತಮಾಷೆ ಮಾಡ್ತಿದೀರಾ?" ಪಿಳ್ಳಣ್ಣ ತಲೆಯಾಡಿಸಿದ. "ಅದ್ರಲ್ಲಿ ಹುಳ ಗಿಳ ಇದ್ರೆ? ನನ್ನ ಲೈಸೆನ್ಸ್ ಹೋಗುತ್ತೆ."

"ಎಲ್ಲಾ ಸುತ್ತಿಯೇ ತರ್ತೀನಿ ಅಣ್ಣ. ಖಾಲಿ ಕೋಣೆ ಒಂದನ್ನೇ ಕೊಡಿ. ತಿನ್ನೋ ಪದಾರ್ಥ ಇರೋ ಕಡೆ ಒಂದು ಹಾಳೇನೂ ಬರಲ್ಲ."

"ಹೋದ್ರೆ ಹೋಗ್ಲಿ, ಹೊಸಾದು ತರಿಸ್ಕೊಳ್ಳಿ."

"ಇದರ ಇನ್ನೊಂದು ಪ್ರತಿ ಎಲ್ಲೂ ಉಳಿದಿಲ್ಲ. ಇದೂ ಹೋದ್ರೆ ಅಂಥದ್ದೊಂದು ಪತ್ರಿಕೆ ಇತ್ತು ಅನ್ನೋದಕ್ಕೇ ಗುರುತಿರಲ್ಲ."

ಪಿಳ್ಳಣ್ಣ ಕೆನ್ನೆ ಕೆರೆದುಕೊಂಡು ಯೋಚಿಸಿದ. ಅವಳು ಜಾಗಬಿಟ್ಟು ಕದಲಲಿಲ್ಲ. ಕೊನೆಗೆ, "ಮಳೆಗಾಲ ಮುಗಿಯೋವರ್ಗೂ ಇಟ್ಕೊಳ್ಳಿ," ಎಂದು ಬೀಗದ ಕೈ ತರಲು ಒಳಗೆ ಹೋದ.

ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಟಾಟಾ ಏಸ್ ಗಾಡಿ ಆ ದಿನವೂ ಮರುದಿನವೂ ಹೋಗಿ ಬಂದು ಮಾಡಿತು. ಪ್ರತಿ ಸಲವೂ ಇಂದ್ರಾಣಿ ಡ್ರೈವರ್ ಪಕ್ಕ ಕೂತು, ಗುಂಡಿ ಬಂದಲ್ಲೆಲ್ಲ "ನಿಧಾನ, ನಿಧಾನ" ಎನ್ನುತ್ತಿದ್ದಳು. ಕೊನೆಯ ಕ್ರೇಟು ಒಳಗಿಟ್ಟು ಕೋಣೆಯ ದಪ್ಪ ಬಾಗಿಲು ಮುಚ್ಚಿದಾಗ ಅವಳ ಬೆರಳುಗಳು ಮರಗಟ್ಟಿದ್ದವು. ಹೊರಗಿನ ಬಿಸಿಲಿಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತಳು. ಆಗ ಅಳು ಬಂತು. ಪಿಳ್ಳಣ್ಣ ಟೀ ತರಿಸಿದ.

ದೆಹಲಿಯಿಂದ ಮೊದಲು ಬಂದದ್ದು ಅನುಮತಿಯಲ್ಲ, ನೋಟಿಸು. ಇಂದ್ರಾಣಿ ಮಾಡಿದ್ದನ್ನು ಮಾಡಿದ ಹಾಗೆಯೇ ಬರೆದು ಉತ್ತರ ಕೊಟ್ಟಳು. ಅದರ ಕೆಳಗೆ ಶಶಿಕಾಂತ್, 'ಇದು ನನಗೆ ಗೊತ್ತಿದ್ದೇ ನಡೆಯಿತು' ಎಂದು ಸೇರಿಸಿ ಸಹಿ ಹಾಕಿದರು. ಆದರೂ ಎಚ್ಚರಿಕೆಯೊಂದು ಅವಳ ಸೇವಾ ದಾಖಲೆಗೆ ಸೇರಿಯೇಬಿಟ್ಟಿತು. ಓದಿ, ಮಡಿಸಿ, ಡ್ರಾಯರಿಗೆ ಹಾಕಿ ಅವಳು ಕೆಳಗಿಳಿದಳು. ಬಿಳೇಕಹಳ್ಳಿಯಿಂದ ಆ ದಿನ ತಂದಿದ್ದ ಸಂಪುಟಗಳ ಮಂಜು ಕರಗಲು ಶುರುವಾಗಿತ್ತು.

ಒಂದು ಸಲಕ್ಕೆ ಕೆಲವೇ ಸಂಪುಟಗಳು. ಹಾಳೆಗಳ ನಡುವೆ ಹೀರುಕಾಗದ ಇಡುವುದು, ಅದು ಒದ್ದೆಯಾದರೆ ಬದಲಿಸುವುದು, ಫ್ಯಾನಿನ ಗಾಳಿ ನೇರವಾಗಿ ಬೀಳದಂತೆ ನೋಡಿಕೊಳ್ಳುವುದು, ಒಣಗಿದ ಮೇಲೆ ಪುಟ ಪುಟವನ್ನೂ ಸ್ಕ್ಯಾನ್ ಮಾಡುವುದು. ನುಣುಪು ಕಾಗದದ ಬಣ್ಣದ ಪುಟಗಳು ಒಂದಕ್ಕೊಂದು ಅಂಟಿ ಹಲಗೆಯಾಗಿಬಿಟ್ಟಿದ್ದವು. ಅವನ್ನು ಬಿಡಿಸಲು ಏನು ಮಾಡಿದರೂ ಆಗಲಿಲ್ಲ. ಬೇರೆ ಪುಟಗಳು ಕಲೆಯಾದರೂ ಸುಕ್ಕಾದರೂ ಓದುವಂತೆ ಉಳಿದವು.

ದಸರಾ ಕಳೆದ ಮೇಲಿನ ಒಂದು ಸೋಮವಾರ ಇಂದ್ರಾಣಿ ರೇಣುಕವ್ವನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಕೊನೆಯ ಕಂತುಗಳನ್ನು ತೆರೆದುಕೊಟ್ಟಳು. ಚಿತ್ರಗಳಿದ್ದ ಪುಟಗಳು ಇಲ್ಲವೆಂದು ಮೊದಲೇ ಹೇಳಿದಳು. "ಚಿತ್ರ ಯಾರಿಗೆ ಬೇಕ್ರಿ," ಎಂದು ರೇಣುಕವ್ವ ಓದತೊಡಗಿದರು. ತುಟಿಗಳು ಅಲುಗುತ್ತಿದ್ದವು. ಊಟದ ಹೊತ್ತು ಮೀರಿದರೂ ಏಳಲಿಲ್ಲ.

ಕೊನೆಗೆ ಕುರ್ಚಿ ಹಿಂದಕ್ಕೆ ಸರಿಸಿದ ಸದ್ದಿಗೆ ಇಂದ್ರಾಣಿ ಓಡಿಬಂದಳು. ರೇಣುಕವ್ವನ ಮುಖ ಕೆಂಪಾಗಿತ್ತು.

"ಏನ್ರೀ ಇದು! ಅಷ್ಟು ಗಟ್ಟಿಗಿತ್ತಿ, ಒಬ್ಬಾಕೀನೇ ನಿಂತು ಅಂಗಡಿ ಹಾಕಿದಾಕಿ, ಕಡೀಕ ಆ ಗಂಡನ ಕಾಲಿಗೆ ಬೀಳ್ತಾಳಂತ! ಇದಕ್ಕ ಇಷ್ಟು ವರ್ಷ ಕಾದ್ನೇನ್ರಿ ನಾನು?"

ಇಂದ್ರಾಣಿಗೆ ನಗು ತಡೆಯಲಾಗಲಿಲ್ಲ. ಅಕ್ಕಪಕ್ಕದ ಓದುಗರು ತಲೆ ಎತ್ತಿ ನೋಡಿದರು. ರೇಣುಕವ್ವನೂ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಆಮೇಲೆ ಗಂಭೀರವಾಗಿ ಕೇಳಿದರು, "ಇದನ್ನ ಓದಿ ಆಗಿನ ಮಂದಿ ಸುಮ್ಮನಿದ್ದರೇನು? ಯಾರಾದ್ರೂ ಬೈದು ಬರ್ದಿರ್ಬೇಕಲ್ಲ?"

"ಬರೆದಿದ್ರೆ ಮುಂದಿನ ವರ್ಷದ ಸಂಪುಟದಲ್ಲಿ ಓದುಗರ ಪುಟಗಳಲ್ಲಿ ಇರುತ್ತೆ."

"ಹಂಗಾರ ಅದನ್ನ ಕೊಡ್ರಿ."

ಅದು ಇನ್ನೂ ಬಿಳೇಕಹಳ್ಳಿಯಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿ ನಿಂತಿತ್ತು. ಇಂದ್ರಾಣಿ ಗಾಡಿಯ ಡ್ರೈವರಿಗೆ ಫೋನು ಮಾಡಿ, ನಾಳೆ ಬೆಳಿಗ್ಗೆ ಬೇಗ ಬರಲು ಹೇಳಿದಳು.