ಜಾಲರಿ ಕಪಾಟಿನ ರೂಟರ್

ಹೊಸನಗರದ ಸುಮನಾ ಅವರ ಮನೆಗೆ ಸ್ಮಾರ್ಟ್ ಟಿವಿ ಬಂದದ್ದು ಸಿನಿಮಾ ನೋಡಲಿಕ್ಕಲ್ಲ. ಗಂಡ ನಾಗರಾಜಪ್ಪನವರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು. ಶಿವಮೊಗ್ಗದ ವಾಕ್ ಚಿಕಿತ್ಸಕಿ ಶ್ರೀಗೌರಿ ವಾರಕ್ಕೆ ಎರಡು ಸಂಜೆ ವಿಡಿಯೊ ಕರೆಯಲ್ಲಿ ಅಭ್ಯಾಸ ಮಾಡಿಸುತ್ತಿದ್ದರು. ತುಟಿ, ನಾಲಿಗೆ ಹೇಗೆ ಹೊರಳುತ್ತವೆ ಎಂಬುದು ರೋಗಿಗೆ ದೊಡ್ಡದಾಗಿ ಕಾಣಬೇಕು. ಹಾಗಾಗಿ ಮೊಬೈಲನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಅದರ ಚಿತ್ರವನ್ನು ವೈಫೈ ಮೂಲಕ ಟಿವಿಗೆ ಹಾಕುತ್ತಿದ್ದರು.

ಚಿತ್ರ ಮಾತ್ರ ನಿಂತು ನಿಂತು ಬರುತ್ತಿತ್ತು. ಸೋಮವಾರ ಶ್ರೀಗೌರಿ ಸೌಮ್ಯವಾಗಿಯೇ ಹೇಳಿದ್ದರು: ‘ಹೀಗೇ ಕಟ್ ಆಗ್ತಿದ್ರೆ ಪ್ರಯೋಜನ ಇಲ್ಲ ಸುಮನಾ ಅವ್ರೆ. ಈ ಟೈಮಿಗೆ ಬೇರೆಯವ್ರೂ ಕಾಯ್ತಿದ್ದಾರೆ. ಇನ್ನೊಂದು ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಇಲ್ಲಿಗೇ ಕರ್ಕೊಂಡು ಬನ್ನಿ.’

ನಾಗರಾಜಪ್ಪನವರಿಗೆ ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಸುಮನಾಗೆ ಟೈಲರಿಂಗ್ ಅಂಗಡಿಯಲ್ಲಿ ವಾರಕ್ಕೆರಡು ರಜೆ ಸಿಗುವಂತಿರಲಿಲ್ಲ.

ಗುರುವಾರ ಮಧ್ಯಾಹ್ನ ಇಂಟರ್‌ನೆಟ್ ಲೈನಿನ ದಿನೇಶ ಬಂದ. ಚಿತ್ರ ನಿಲ್ಲುತ್ತದೆ ಎಂಬ ಹಿಂದಿನ ದೂರುಗಳಿಗೆಲ್ಲ ಅವನು ಫೋನಿನಲ್ಲೇ ‘ಆಫ್ ಮಾಡಿ ಆನ್ ಮಾಡಿ’ ಎಂದು ಮುಗಿಸಿದ್ದ.

‘ಮತ್ತೆ ಎಂತಾಯ್ತು ಸುಮನಕ್ಕ?’

‘ಎಂತ ಆಗ್ಲಿ? ಅದೇ. ಟಿವಿಲಿ ಚಕ್ರ ಗಿರಗಿರ ತಿರುಗ್ತಾ ಕೂತಿರ್ತದೆ.’

‘ಹೊರಗೆ ಲೈನ್ ಸರಿ ಇದೆ. ಬಾಗಿಲ ಮೇಲೆ ಹಾಕಿದ್ನಲ್ಲ, ರೂಟರ್ ಎಲ್ಲಿ ಹೋಯ್ತು?’

ಸುಮನಾ ಅಡುಗೆಮನೆಯತ್ತ ಕೈ ತೋರಿಸಿದರು. ಹಾಲು, ತುಪ್ಪ ಇಡುವ ಜಾಲರಿ ಕಪಾಟಿನಲ್ಲಿ, ಮೊಸರಿನ ಪಾತ್ರೆಯ ಪಕ್ಕ ರೂಟರ್ ಕಣ್ಣು ಮಿಟುಕಿಸುತ್ತಿತ್ತು. ದಿನೇಶನಿಗೆ ನಗು ತಡೆಯಲಾಗಲಿಲ್ಲ.

‘ಎಂತಕ್ಕ ಇದು, ಬೆಕ್ಕು ಬಂದು ನೆಟ್ ಕುಡೀತದೆ ಅಂತನಾ?’

‘ನಗು ನೀನು. ಇಲಿ ಎರಡು ಸಲ ವೈರ್ ಕಡೀತು. ಎರಡು ಸಲನೂ ನಿಂಗೆ ಬರ್ಲಿಕ್ಕೆ ವಾರ ಹಿಡೀತು.’

ದಿನೇಶ ನಗು ನಿಲ್ಲಿಸಿದ. ‘ಮೂರೂ ಕಡೆ ಕಬ್ಬಿಣದ ಜಾಲರಿ ಅಲ್ವ, ಸಿಗ್ನಲ್ ಅದ್ರೊಳಗೇ ಸಿಕ್ಕಾಕಿಕೊಳ್ತದೆ. ಸಂದಿಯಲ್ಲಿ ಬಂದಷ್ಟು ನಿಮ್ಗೆ ಸಿಕ್ತಿರೋದು.’

ರೂಟರನ್ನು ಅವನು ಮತ್ತೆ ನಡುಮನೆಯ ಬಾಗಿಲ ಮೇಲೆ ಕೂರಿಸಿದ. ಇಲಿಗೆ ಸಿಗದಂತೆ ವೈರನ್ನು ಪ್ಲಾಸ್ಟಿಕ್ ಪೈಪಿನೊಳಗೆ ತೂರಿಸಿ ಗೋಡೆಗೆ ಮೊಳೆ ಹೊಡೆದ. ‘ಇವತ್ತು ಪೂರ್ತಿ ನೋಡ್ಕೊಂಡೇ ಹೋಗ್ತೀನಿ’ ಎಂದು ಮೂಲೆಯಲ್ಲಿ ಕೂತ.

ಸಂಜೆ ಶ್ರೀಗೌರಿಯವರ ಮುಖ ಟಿವಿಯಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗಿ ಮೂಡಿತು. ಫ್ಯಾನಿನ ಗಾಳಿಗೆ ಅವರ ಕೂದಲು ಹಾರುವುದೂ ಕಾಣುತ್ತಿತ್ತು. ನಾಗರಾಜಪ್ಪನವರು ಖಾಸಗಿ ಬಸ್ ನಿಲ್ದಾಣದಲ್ಲಿ ಏಜೆಂಟರಾಗಿದ್ದವರು. ದಿನವಿಡೀ ಊರ ಹೆಸರು ಕೂಗಿದ ಬಾಯಿ. ಅದಕ್ಕೇ ಅಭ್ಯಾಸಕ್ಕೆ ಶ್ರೀಗೌರಿ ಊರುಗಳ ಹೆಸರನ್ನೇ ಆರಿಸಿದ್ದರು.

‘ಸಾಗರ. ಹೇಳಿ ನಾಗರಾಜಪ್ಪೋರೆ.’

ಅವರು ಬಾಯಿ ತೆರೆದರು. ತುಟಿ ಅದುರಿತು, ಹೆಸರು ಹೊರಡಲಿಲ್ಲ. ಪರದೆಯಲ್ಲಿ ಶ್ರೀಗೌರಿ ರೆಪ್ಪೆ ಮಿಟುಕಿಸುತ್ತಾ ಕಾದರು.

‘ತೀರ್ಥಹಳ್ಳಿ’ ಎಂದರು ಶ್ರೀಗೌರಿ.

ಮತ್ತೆ ಕಾದರು. ನಾಗರಾಜಪ್ಪನವರು ಎಡಗೈಯಿಂದ ಟಿವಿಯನ್ನು ತೋರಿಸಿ, ನಿಂತುಹೋಗಿದೆ ಎಂಬಂತೆ ಕೈ ಆಡಿಸಿದರು. ಸುಮನಾ ತಲೆ ಎತ್ತಿ ನೋಡಿದರು. ರೂಟರಿನ ದೀಪಗಳೆಲ್ಲ ಹಸಿರಾಗಿದ್ದವು.

‘ನೆಟ್ ಸರಿ ಇದೆ ರೀ’ ಎಂದರು ಮೆಲ್ಲಗೆ.

ಇಷ್ಟು ದಿನ ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಚಿತ್ರ ನಿಲ್ಲುತ್ತಿತ್ತು. ಆ ಹೊತ್ತಿನಲ್ಲಿ ನಾಗರಾಜಪ್ಪನವರು ಹೇಳಿರಬಹುದು ಎಂದು ಶ್ರೀಗೌರಿ ತಿಳಿದಿದ್ದರು. ಆ ಕಡೆಯ ಮಾತು ಸರಿಯಾಗಿ ಕೇಳಿಸಿದ್ದರೆ ಗಂಡ ಹೇಳುತ್ತಿದ್ದರು ಎಂದು ಸುಮನಾ ತಿಳಿದಿದ್ದರು.

‘ನಾನೂ ನೆಟ್ ಅಂತಲೇ ಅಂದ್ಕೊಂಡಿದ್ದೆ’ ಎಂದರು ಶ್ರೀಗೌರಿ. ‘ಊರುಗಳನ್ನೆಲ್ಲ ಬಿಡೋಣ. ಸೋಮವಾರ ಬರೀ “ಆ” ಅನ್ನೋ ದನಿಯಿಂದ ಶುರು ಮಾಡೋಣ. ಈ ಟೈಮ್ ನಿಮ್ದೇ ಇರ್ಲಿ, ಯಾರಿಗೂ ಕೊಡಲ್ಲ.’

ಟಿವಿ ಕಪ್ಪಾಯಿತು. ದಿನೇಶ ಸದ್ದಿಲ್ಲದೆ ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡ.

‘ಎಲ್ಲೂ ನಿಲ್ಲಲಿಲ್ಲ ಅಲ್ವಾ ಅಕ್ಕ?’

‘ಇಲ್ಲ. ಎಲ್ಲೂ ನಿಲ್ಲಲಿಲ್ಲ.’

ಅವನು ಹೋದ ಮೇಲೆ ಸುಮನಾ ಗಂಡನ ಎದುರಿಗೆ ನೆಲದ ಮೇಲೆ ಕೂತರು. ಬೆಳಿಗ್ಗೆಯೆಲ್ಲ ಅಂಗಡಿಯಲ್ಲಿ ಹೊಲಿಗೆ ಯಂತ್ರ ತುಳಿದ ಕಾಲು ಮಡಚಲು ಬರುತ್ತಿರಲಿಲ್ಲ, ನೀಡಿಕೊಂಡರು.

‘ಸೋಮವಾರದ ತನಕ ಸುಮ್ನೆ ಕೂರೋದು ಬೇಡ. ನನ್ ಬಾಯಿ ನೋಡಿ. ಆ...’

ನಾಗರಾಜಪ್ಪನವರು ನೋಡಿದರು. ಉಸಿರು ಬಂತು, ದನಿ ಬರಲಿಲ್ಲ.

‘ಇನ್ನೊಂದ್ ಸಲ’ ಎಂದರು ಸುಮನಾ.